ಎಡಗನ್ನಡಿಯ ಹಿಮ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ರಾತ್ರಿಗಳು ಸರಾಸರಿ ಲೆಕ್ಕದಲ್ಲೇ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗಿರುತ್ತವೆ. ಬಯಲಲ್ಲಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತದೆ. ಅಂಥ ಊರಿನಲ್ಲಿ, ಹತ್ತು ವರ್ಷ ಓಡಿದ ಒಂದು ಕಾರನ್ನು ಉದಾಹರಣೆಗೆ ಎದುರಿಗಿಟ್ಟುಕೊಳ್ಳೋಣ. ಮಾಲೀಕ ಎಂಜಿನ್ ಚಾಲೂ ಮಾಡುತ್ತಾನೆ, ಮೂರು ಡೊಂಕು ಬಾಣಗಳ ಚಿತ್ರವಿರುವ ಹೀಟರ್ ಗುಂಡಿ ಒತ್ತುತ್ತಾನೆ, ಪ್ಲಾಸ್ಟಿಕ್ ಪಟ್ಟಿ ಹಿಡಿದು ಮುಂಗಾಜು ಕೆರೆಯಲು ಕೆಳಗಿಳಿಯುತ್ತಾನೆ. ಏಳೆಂಟು ನಿಮಿಷದಲ್ಲಿ ಬಲಗನ್ನಡಿಯ ಹಿಮ ನೀರಾಗಿ ಜಾರಿಹೋಗುತ್ತದೆ. ಎಡಗನ್ನಡಿ ಮಾತ್ರ ರಾತ್ರಿ ಇದ್ದ ಹಾಗೇ ಇದೆ.

ಅಮೆರಿಕದಲ್ಲಿ ಚಾಲಕ ಕೂರುವುದು ಎಡಕ್ಕೆ. ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ದಾಟಲು ಅವನು ಹೊರಳುವುದೂ ಎಡಕ್ಕೇ. ಹೀಗಾಗಿ ಎಡಗನ್ನಡಿ ಕುರುಡಾಯಿತೆಂದರೆ ಅವನಿಗೆ ಅತಿ ಹೆಚ್ಚು ಬೇಕಾದ ನೋಟವೇ ಹೋದಂತೆ. ದೃಷ್ಟಿಗೆ ಅಡ್ಡಿಯಾಗುವಷ್ಟು ಹಿಮ ಮುತ್ತಿದ ಮುಂಗಾಜು, ಮುಂದಿನ ಪಕ್ಕದ ಗಾಜುಗಳನ್ನಿಟ್ಟುಕೊಂಡು ಗಾಡಿ ಓಡಿಸುವುದನ್ನು ಮಿನೆಸೋಟಾ ರಾಜ್ಯದ ಕಾನೂನು ನಿಷೇಧಿಸಿದೆ. ಪಕ್ಕದ ಗಾಜನ್ನು ಎಷ್ಟು ಚೊಕ್ಕಟ ಮಾಡಿದರೂ ಅದರಾಚೆಯ ಕನ್ನಡಿ ಬಿಳಿಚಿಕೊಂಡಿದ್ದರೆ ಏನು ಬಂತು?

ಇಂಥ ಹೊತ್ತಿನಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಹೊಸ ಕನ್ನಡಿ ಕೊಳ್ಳುವ ಯೋಚನೆ. ಕನ್ನಡಿ ಬಿಸಿಯಾಗುತ್ತಿಲ್ಲ, ಆದ್ದರಿಂದ ಕನ್ನಡಿ ಕೆಟ್ಟಿದೆ ಎಂಬ ತರ್ಕ. ಆದರೆ ಬ್ಯಾಟರಿಯಿಂದ ಹೊರಟ ಕರೆಂಟು ಕನ್ನಡಿಯ ಬೆನ್ನಿಗೆ ಬಂದು ಮುಟ್ಟುವಷ್ಟರಲ್ಲಿ ಫ್ಯೂಸ್, ರಿಲೇ, ಮೀಟರುಗಟ್ಟಲೆ ವೈರು, ನಾಲ್ಕಾರು ಕಪ್ಲರುಗಳನ್ನು ದಾಟಿರುತ್ತದೆ. ದಾರಿಯಲ್ಲಿ ಅದು ಎಲ್ಲಿ ನಿಂತಿತು ಎಂದು ಹುಡುಕದೆ ಕೊನೆಯ ನಿಲ್ದಾಣವನ್ನು ದೂರುವುದು ನ್ಯಾಯವಲ್ಲ. ದುಡ್ಡೂ ದಂಡ.

ಹುಡುಕುವ ಮೊದಲು, ಕನ್ನಡಿಗೆ ಹಿಮ ಯಾಕೆ ಹಿಡಿಯುತ್ತದೆ ಎಂಬುದನ್ನು ನೋಡಬೇಕು. ಅದು ಮೇಲಿಂದ ಬಿದ್ದದ್ದಲ್ಲ, ಅಲ್ಲೇ ಹುಟ್ಟಿದ್ದು. ನಮ್ಮೂರುಗಳಲ್ಲೂ ಮಾಗಿಯ ಬೆಳಗ್ಗೆ ಬಯಲಲ್ಲಿ ನಿಲ್ಲಿಸಿದ ಬೈಕಿನ ಸೀಟು ತೊಯ್ದಿರುತ್ತದೆ, ಮಾವಿನ ಮರದಡಿ ನಿಂತದ್ದು ಒಣಗಿರುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇದರ ಬೆನ್ನು ಹತ್ತಿ 1814ರಲ್ಲಿ ಇಬ್ಬನಿಯ ಮೇಲೊಂದು ಪ್ರಬಂಧ ಪ್ರಕಟಿಸಿದ. ತೂಕ ಮಾಡಿದ ಉಣ್ಣೆಯ ಉಂಡೆಗಳನ್ನು ರಾತ್ರಿ ಹೊರಗಿಟ್ಟು, ಬೆಳಗ್ಗೆ ಮತ್ತೆ ತೂಗಿ ನೋಡುತ್ತಿದ್ದ. ಕಾಲು ಕೊಟ್ಟು ನಿಲ್ಲಿಸಿದ ಹಲಗೆಯ ಮೇಲಿಟ್ಟ ಉಣ್ಣೆ ಹೆಚ್ಚು ನೀರು ಹೀರಿರುತ್ತಿತ್ತು, ಅದೇ ಹಲಗೆಯ ಅಡಿಗೆ ಕಟ್ಟಿದ್ದು ಕಡಿಮೆ. ತೆರೆದ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಶಾಖವನ್ನು ಕಿರಣವಾಗಿ ಮೇಲಕ್ಕೆ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಆ ತಣ್ಣನೆಯ ಮೈಗೆ ಗಾಳಿಯ ತೇವ ಹತ್ತಿಕೊಳ್ಳುತ್ತದೆ ಎಂದು ಅವನು ತೋರಿಸಿದ. ಮರದ ಕೊಂಬೆಯೋ ಮೋಡವೋ ಅಡ್ಡವಿದ್ದರೆ ಅಷ್ಟು ಶಾಖ ಹೋಗುವುದಿಲ್ಲ.

ಇದೇ ಭೌತವಿಜ್ಞಾನವನ್ನು ಅಲಹಾಬಾದಿನ ಕೆಲಸಗಾರರು ಹೆಸರಿಡದೆಯೇ ಬಳಸುತ್ತಿದ್ದರು. ಅಗಲವಾದ ಗುಂಡಿ ತೋಡಿ, ಕಬ್ಬಿನ ಸೋಗೆ, ಒಣ ಜೋಳದ ದಂಟು ಹಾಸಿ, ಅದರ ಮೇಲೆ ತಟ್ಟೆಯಂಥ ಮಣ್ಣಿನ ಪಾತ್ರೆಗಳಲ್ಲಿ ನೀರಿಟ್ಟು, ಗಾಳಿ ಸೊನ್ನೆಗಿಂತ ಬೆಚ್ಚಗಿದ್ದ ರಾತ್ರಿಗಳಲ್ಲೂ ಮಂಜುಗಡ್ಡೆ ತೆಗೆಯುತ್ತಿದ್ದರು. ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಈ ವಿಧಾನವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಕಬ್ಬಿನ ಸೋಗೆ ನೆಲದ ಬಿಸಿ ಮೇಲೇರದಂತೆ ತಡೆಯುತ್ತಿತ್ತು. ಕಾರಿನ ಕನ್ನಡಿಯದೂ ಇಂಥದೇ ಸ್ಥಿತಿ. ಪ್ಲಾಸ್ಟಿಕ್ ತೋಳಿನ ತುದಿಯಲ್ಲಿ, ಕಾರಿನ ಮೈಯಿಂದ ದೂರ, ತೆಳ್ಳನೆಯ ಗಾಜು. ಕೆಳಗಿನಿಂದ ಬಿಸಿ ಕೊಡುವವರಿಲ್ಲ, ಮೇಲೆ ಹೊದಿಕೆಯಿಲ್ಲ. ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದಾಗ ತೇವ ನೀರಾಗುವ ಮಧ್ಯದ ಹಂತವನ್ನೇ ಬಿಟ್ಟು ನೇರವಾಗಿ ಹರಳುಗಟ್ಟುತ್ತದೆ.

ಅದನ್ನು ಕರಗಿಸುವ ಹೀಟರ್ ನೋಡಲು ಏನೇನೂ ಅಲ್ಲ. ಕನ್ನಡಿಯ ಬೆನ್ನಿಗೆ ಅಂಟಿಸಿದ, ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಲೋಹದ ಗೆರೆಗಳು ಇಲ್ಲವೇ ಇಂಗಾಲದ ಶಾಯಿಯ ಅಚ್ಚು. ಹಿಂಬದಿಯಲ್ಲಿ ಎರಡು ಚಪ್ಪಟೆ ಟರ್ಮಿನಲ್, ಅವಕ್ಕೆ ಎರಡು ವೈರು. ಇದರ ಒಳಗುಟ್ಟು 1840ರ ಚಳಿಗಾಲದಷ್ಟು ಹಳೆಯದು. ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಬಿಯರ್ ಭಟ್ಟಿಯ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲ್ ನೀರಿನ ಪಾತ್ರೆಗಳಲ್ಲಿ ತಂತಿಸುರುಳಿ ಮುಳುಗಿಸಿ, ಕರೆಂಟು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. ಕರೆಂಟು ಎರಡು ಪಟ್ಟಾದರೆ ಹುಟ್ಟುವ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಈ ವರ್ಗದ ನಿಯಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಎಡಗನ್ನಡಿಯ ಗುಟ್ಟು ಕೊನೆಗೆ ಬಿಚ್ಚಿಕೊಳ್ಳುವುದು ಅದರಿಂದಲೇ.

ನಮ್ಮ ಕಾರಿನ ಹೀಟರಿನ ರೋಧ 8 ಓಮ್ ಎಂದುಕೊಳ್ಳೋಣ. ಎಂಜಿನ್ ಓಡುವಾಗ ಸಿಗುವ ವೋಲ್ಟೇಜ್ ಸುಮಾರು 14. ಹರಿಯುವ ಕರೆಂಟು 1.75 ಆಂಪಿಯರ್, ಹುಟ್ಟುವ ಶಾಖ 24.5 ವ್ಯಾಟ್. ಹಳೆಯ ಕಾಲದ 25 ವ್ಯಾಟಿನ ಬಲ್ಬಿನಷ್ಟು. ಇಷ್ಟು ಸಾಕೇ? 18 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಗಾಜು ಸುಮಾರು 110 ಗ್ರಾಂ ತೂಗುತ್ತದೆ. ಅದನ್ನು ಮೈನಸ್ 13ರಿಂದ ಸೊನ್ನೆಗೆ ತರಲು ಸುಮಾರು 1,200 ಜೂಲ್ ಬೇಕು. ಮೇಲೆ ಅರ್ಧ ಮಿಲಿಮೀಟರ್ ಮಂಜುಗಡ್ಡೆಯಿದ್ದರೆ ಅದು 10 ಗ್ರಾಂ. ಅದನ್ನು ಸೊನ್ನೆಗೆ ಏರಿಸಲು 270 ಜೂಲ್ ಆದರೆ, ಕರಗಿಸಲು 3,340 ಜೂಲ್. ನೋಡಿ, ದೊಡ್ಡ ಖರ್ಚು ಬಿಸಿ ಮಾಡುವುದಕ್ಕಲ್ಲ, ಉಷ್ಣಾಂಶ ಒಂದಿಷ್ಟೂ ಏರದೆ ಹರಳು ಬಿಡಿಸುವುದಕ್ಕೆ! ಒಟ್ಟು 4,800 ಜೂಲ್, ಅಂದರೆ ಮೂರೂಕಾಲು ನಿಮಿಷದ ಕೆಲಸ. ಗಾಳಿಗೆ, ಪ್ಲಾಸ್ಟಿಕ್ಕಿಗೆ ಸೋರಿ ಹೋಗುವ ಶಾಖವನ್ನೂ ಸೇರಿಸಿದರೆ ಇದರ ಇಮ್ಮಡಿ ಹೊತ್ತು ಹಿಡಿಯುತ್ತದೆ. ಬಲಗನ್ನಡಿ ಏಳೆಂಟು ನಿಮಿಷ ತೆಗೆದುಕೊಂಡದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ನೀರನ್ನು ಆವಿ ಮಾಡುವುದು ಬೇರೆಯೇ ಮಾತು. ಒಂದು ಗ್ರಾಂ ನೀರು ಆರಿಹೋಗಲು ಸುಮಾರು 2,500 ಜೂಲ್ ಬೇಕು. 24.5 ವ್ಯಾಟಿನ ಹೀಟರಿಗೆ ಅದು ನೂರು ಸೆಕೆಂಡಿಗೂ ಮೀರಿದ ದುಡಿಮೆ. ಹಾಗಾಗಿಯೇ ಆಗುಂಬೆ, ಚಾರ್ಮಾಡಿ ಘಾಟಿಗಳ ಜಡಿಮಳೆಯಲ್ಲಿ, ಹೀಟರ್ ಇರುವ ದುಬಾರಿ ಕಾರಿನಲ್ಲಿ ಹೋದರೂ ಕನ್ನಡಿಯ ಮೇಲಿನ ಹನಿಗಳು ಪೂರ್ತಿ ಹೋಗುವುದಿಲ್ಲ. ಒಂದು ಆರುವಷ್ಟರಲ್ಲಿ ಹತ್ತು ಬಿದ್ದಿರುತ್ತವೆ. ಕನ್ನಡಿಯ ಹೀಟರ್ ನಿಜವಾಗಿ ಗೆಲ್ಲುವುದು ಹಿಮ, ಇಬ್ಬನಿ, ಕಾವಳದ ಮೇಲೆ.

ಹೀಟರ್ ಕಾದು ಕಾದು ಸುಟ್ಟುಹೋಗದೇ? ಕೆಲವು ಕಾರುಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಟೈಮರ್ ತಾನೇ ಕರೆಂಟು ಕಡಿದುಬಿಡುತ್ತದೆ. ಇನ್ನು ಕೆಲವದರಲ್ಲಿ ಹೀಟರಿನ ಪದಾರ್ಥವೇ ತನ್ನನ್ನು ತಾನು ತಡೆದುಕೊಳ್ಳುತ್ತದೆ. ಇಂಗಾಲದ ಪುಡಿ ಬೆರೆಸಿದ ಪ್ಲಾಸ್ಟಿಕ್ ಶಾಯಿ ತಣ್ಣಗಿದ್ದಾಗ ಇಂಗಾಲದ ಕಣಗಳು ಒಂದಕ್ಕೊಂದು ತಾಗಿಕೊಂಡು ಕರೆಂಟಿಗೆ ಹಾದಿ ಬಿಡುತ್ತವೆ. ಬಿಸಿಯೇರಿ ಪ್ಲಾಸ್ಟಿಕ್ ಹಿಗ್ಗಿದಂತೆ ಕಣಗಳು ದೂರ ಸರಿದು, ಹಾದಿಗಳು ಕಡಿದು, ಕರೆಂಟು ತಾನಾಗಿಯೇ ಇಳಿಯುತ್ತದೆ. ಇದೇ ಗುಣದ ಪಿಂಗಾಣಿಯಂಥ ಪದಾರ್ಥವನ್ನು, ಬೇರಿಯಂ ಟೈಟನೇಟ್‌ಗೆ ಚಿಟಿಕೆ ಬೇರೆ ಧಾತು ಬೆರೆಸಿ, ನೆದರ್‌ಲೆಂಡ್ಸಿನ ಫಿಲಿಪ್ಸ್ ಪ್ರಯೋಗಾಲಯದವರು 1950ರ ದಶಕದಲ್ಲಿ ರೂಪಿಸಿದ್ದರು. ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧಿಯ ಯಂತ್ರ ರಾತ್ರಿಯಿಡೀ ಉರಿದರೂ ಹದ ಮೀರದಿರುವುದಕ್ಕೆ ಅಂಥದೇ ಬಿಲ್ಲೆ ಕಾರಣ.

ಇನ್ನು ತನಿಖೆಗೆ ಬರೋಣ. ಮೊದಲ ಸಾಕ್ಷಿ ಈಗಾಗಲೇ ಕೈಯಲ್ಲಿದೆ: ಬಲಗನ್ನಡಿ ಕೆಲಸ ಮಾಡುತ್ತಿದೆ. ಬಹಳಷ್ಟು ಕಾರುಗಳಲ್ಲಿ ಹಿಂಗಾಜಿನ ಹೀಟರಿಗೂ ಎರಡೂ ಕನ್ನಡಿಗಳಿಗೂ ಒಂದೇ ಗುಂಡಿ. ಮೂರೂ ಒಟ್ಟಿಗೆ ಸತ್ತಿದ್ದರೆ ಗುಂಡಿ, ರಿಲೇ ಇಲ್ಲವೇ ಮುಖ್ಯ ಫ್ಯೂಸನ್ನು ಅನುಮಾನಿಸಬೇಕು. ಹಿಂಗಾಜು ಬಿಸಿಯಾಗಿ ಎರಡು ಕನ್ನಡಿಯೂ ತಣ್ಣಗಿದ್ದರೆ ಕನ್ನಡಿಗಳ ಪ್ರತ್ಯೇಕ ಫ್ಯೂಸ್ ನೋಡಬೇಕು. ಒಂದೇ ಕನ್ನಡಿ ತಣ್ಣಗಿದೆಯೆಂದರೆ, ಕರೆಂಟು ಎರಡಾಗಿ ಕವಲೊಡೆಯುವ ಜಾಗದವರೆಗೆ ಎಲ್ಲವೂ ನೆಟ್ಟಗಿದೆ ಎಂದೇ ಅರ್ಥ. ಒಂದು ಸ್ಕ್ರೂ ಸಹ ಬಿಚ್ಚದೆ ಅರ್ಧ ಕಾರು ನಿರಪರಾಧಿಯಾಯಿತು. ಹೊಸ ಕಾರುಗಳಲ್ಲಿ ಕೆಲವು ಮಾದರಿಗಳು ಬಾಗಿಲಿಗೊಂದು ಪುಟ್ಟ ಕಂಪ್ಯೂಟರ್ ಇಟ್ಟಿರುತ್ತವೆ. ಅಲ್ಲಿ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಓದುವುದು ಮೊದಲ ಹೆಜ್ಜೆ.

ಇಲ್ಲಿ ಎರಡು ಕಡೆ ಜನ ಮೋಸಹೋಗುತ್ತಾರೆ. ಟೈಮರ್ ಇರುವ ಕಾರಿನಲ್ಲಿ ಗುಂಡಿ ಒತ್ತಿ, ಬಾಗಿಲಿನ ಒಳಹಲಗೆ ಬಿಚ್ಚಿ, ಮೀಟರ್ ಹುಡುಕಿ ತರುವಷ್ಟರಲ್ಲಿ ಹತ್ತು ನಿಮಿಷ ಕಳೆದು ಕರೆಂಟು ತಾನೇ ನಿಂತಿರುತ್ತದೆ. ಸೊನ್ನೆ ತೋರಿಸುವ ಮೀಟರನ್ನು ನಂಬಿ ಒಳ್ಳೆಯ ವೈರನ್ನೇ ಕತ್ತರಿಸಿದರೆ ಒಂದಿದ್ದ ದೋಷ ಎರಡಾಗುತ್ತದೆ. ಎರಡನೆಯದು, ಬೇಸಿಗೆಯಲ್ಲಿ ಪರೀಕ್ಷೆ ಮಾಡುವುದು. ಹೊರಗೆ ಬೆಚ್ಚಗಿದ್ದರೆ ಕನ್ನಡಿಗೆ ಕರೆಂಟನ್ನೇ ಬಿಡದ ಕಾರುಗಳಿವೆ. ಎಂಜಿನ್ ಓಡದೆ ಹೀಟರ್ ಹೊತ್ತಿಕೊಳ್ಳದ ಕಾರುಗಳಂತೂ ಸಾಕಷ್ಟು. ಕಾರಿನ ಕೈಪಿಡಿಯ ಆ ಒಂದು ಪುಟ ಓದಿಕೊಂಡು ಕೆಲಸಕ್ಕಿಳಿಯುವುದು ಒಳ್ಳೆಯದು.

ಮೀಟರಿಗಿಂತ ಮೊದಲು ಹಿಮವನ್ನೇ ಕೇಳಬಹುದು. ಕನ್ನಡಿಯ ಮೇಲಿನ ಹಿಮದ ಪದರ ಪುಕ್ಕಟೆಯಾಗಿ ಸಿಕ್ಕ ಉಷ್ಣನಕ್ಷೆ. ಗುಂಡಿ ಒತ್ತಿ ಕಣ್ಣಿಟ್ಟು ನಿಂತರೆ ಹಿಮ ಎಲ್ಲಿಂದ ಕರಗಲು ಶುರುವಾಗುತ್ತದೆ, ಎಲ್ಲಿ ಉಳಿಯುತ್ತದೆ ಎಂಬುದು ಹೀಟರಿನ ಒಳಚಿತ್ರವನ್ನೇ ಬಿಡಿಸಿಡುತ್ತದೆ. ಒಂದೇ ಗೆರೆ ಅಂಕುಡೊಂಕಾಗಿ ಇಡೀ ಕನ್ನಡಿ ಸುತ್ತಿದ್ದರೆ, ಅದು ಎಲ್ಲೇ ಕಡಿದರೂ ಕನ್ನಡಿ ಪೂರ್ತಿ ತಣ್ಣಗಿರುತ್ತದೆ. ಬಾಚಣಿಗೆಯ ಹಲ್ಲಿನಂತೆ ಹಲವು ಹಾದಿಗಳಿರುವ ಅಚ್ಚಿನ ಹೀಟರ್ ಆದರೆ ಒಂದು ಮೂಲೆ ಮಾತ್ರ ಸಾಯುತ್ತದೆ, ಬೆಳಗಿನ ಹೊತ್ತು ಆ ಮೂಲೆಯಲ್ಲಿ ಬಿಳಿ ಕಲೆ ನಿಲ್ಲುತ್ತದೆ. ಹಿಂದೆ ಯಾವಾಗಲೋ ಗಾಜು ಬಿರುಕುಬಿಟ್ಟಿದ್ದರೆ ಹಿಮದ ಗಡಿ ಹಲವು ಸಲ ಆ ಬಿರುಕನ್ನೇ ಹಿಡಿದು ಸಾಗುತ್ತದೆ, ಏಕೆಂದರೆ ಗಾಜಿನ ಜೊತೆ ಬೆನ್ನಿನ ಹಾಳೆಯೂ ಹರಿದಿರುತ್ತದೆ. ಹಿಮವಿಲ್ಲದ ದಿನ ಬಾಯಿಯ ಉಸಿರು ಊದಿದರೂ ಸಾಕು, ಮಬ್ಬು ಆರುವ ಕ್ರಮದಲ್ಲೇ ಇಷ್ಟು ಗೊತ್ತಾಗುತ್ತದೆ.

ನಮ್ಮ ಎಡಗನ್ನಡಿಯಲ್ಲಿ ಹದಿನೈದು ನಿಮಿಷ ಕಳೆದರೂ ಎಲ್ಲೂ ಬದಲಾವಣೆಯಿಲ್ಲ. ಗಾಜು ತೆಗೆದು ನೋಡಲೇಬೇಕು.

ಹೆಚ್ಚಿನ ಕಾರುಗಳಲ್ಲಿ ಕನ್ನಡಿಯ ಗಾಜು ಸ್ಕ್ರೂ ಹಾಕಿ ಬಿಗಿದದ್ದಲ್ಲ. ಅದನ್ನು ಆಡಿಸುವ ಮೋಟರಿನ ತಟ್ಟೆಗೆ ಪ್ಲಾಸ್ಟಿಕ್ ಕೊಂಡಿಗಳಿಂದ ಕೂತಿರುತ್ತದೆ. ಒಂದು ಅಂಚನ್ನು ಒಳಕ್ಕೆ ಒತ್ತಿದರೆ ಎದುರಂಚು ಹೊರಗೆ ಬರುತ್ತದೆ. ಆ ಸಂದಿಗೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಮೀಟುಗೋಲು ಹಾಕಿ ಮೆಲ್ಲಗೆ ಎತ್ತಿದರೆ ಕೊಂಡಿಗಳು ಟಕ್ ಟಕ್ ಎಂದು ಬಿಡುತ್ತವೆ. ಗಾಜಿನ ಮೇಲೆ ಅಡ್ಡಡ್ಡ ಟೇಪ್ ಹಚ್ಚಬೇಕು, ಕೈಗವಸು, ಕಣ್ಣಿಗೆ ರಕ್ಷಣೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಚಳಿಯಲ್ಲಿ ಮಾಡಬಾರದು. ಮೈನಸ್ ಹತ್ತರಲ್ಲಿ ಪ್ಲಾಸ್ಟಿಕ್ ಕೊಂಡಿ ಹಪ್ಪಳದಂತೆ ಮುರಿಯುತ್ತದೆ. ಕಾರನ್ನು ಬೆಚ್ಚನೆಯ ಗ್ಯಾರೇಜಿಗೆ ತರಬೇಕು, ಇಲ್ಲವೇ ಕೂದಲು ಒಣಗಿಸುವ ಡ್ರೈಯರಿನ ಗಾಳಿ ಬಿಡಬೇಕು. ಕುದಿಯುವ ನೀರು ಸುರಿಯುವವರೂ ಇದ್ದಾರೆ. ಗಾಜಿನ ಮುಂಭಾಗ ಕ್ಷಣದಲ್ಲಿ ಹಿಗ್ಗುತ್ತದೆ, ಬೆನ್ನು ಇನ್ನೂ ಮುದುಡಿಯೇ ಇರುತ್ತದೆ. ನೂರು ಡಿಗ್ರಿಗೂ ಮೀರಿದ ಆ ವ್ಯತ್ಯಾಸವನ್ನು ತಾಳಲಾರದೆ ಗಾಜು ಸೀಳುತ್ತದೆ.

ಗಾಜು ಕಳಚಿ ಬಂದಾಗ ಸುಲಭದ ಉತ್ತರಗಳು ಕೆಲವೊಮ್ಮೆ ಅಲ್ಲೇ ತೂಗಾಡುತ್ತಿರುತ್ತವೆ. ಹಿಂದೊಮ್ಮೆ ಕನ್ನಡಿ ಒಡೆದು, ಯಾರೋ ಹೀಟರ್ ಇಲ್ಲದ ಅಗ್ಗದ ಗಾಜು ಕೂರಿಸಿ, ಎರಡು ವೈರುಗಳನ್ನು ಒಳಗೆ ಹಾಗೇ ಬಿಟ್ಟಿರುತ್ತಾರೆ. ಹಳೆಯ ಕಾರು ಕೊಂಡವರಿಗೆ ಇದು ಎದುರಾಗುವುದು ಹೆಚ್ಚು. ಟರ್ಮಿನಲ್ ಕಳಚಿಕೊಂಡಿರಬಹುದು. ಹಸಿರು ಕಿಲುಬು ಹಿಡಿದಿರಬಹುದು. ಚಳಿ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ, ಚಕ್ರದಿಂದ ಸಿಡಿದ ಆ ಉಪ್ಪುನೀರು ಕನ್ನಡಿಯ ಗೂಡಿನೊಳಗೂ ಸೇರಿ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಕಿಲುಬು ಕೆರೆದು, ಸಡಿಲವಾದ ಟರ್ಮಿನಲನ್ನು ಇಕ್ಕಳದಲ್ಲಿ ಹಗುರಾಗಿ ಅದುಮಿ, ಗ್ರೀಸ್ ಸವರಿ ಮತ್ತೆ ಸಿಕ್ಕಿಸಿದರೆ ಎಷ್ಟೋ ಕನ್ನಡಿಗಳು ಅಲ್ಲಿಗೇ ಸರಿಹೋಗುತ್ತವೆ. ಬೆಳಕು ಬಿದ್ದರೆ ತಾನೇ ಕಪ್ಪಾಗುವ ಕನ್ನಡಿಗಳಿಗೆ ಎರಡಕ್ಕಿಂತ ಹೆಚ್ಚು ವೈರುಗಳಿರುತ್ತವೆ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಆಮೇಲೆ ತಡಕಾಡುವುದು ತಪ್ಪುತ್ತದೆ.

ನಮ್ಮ ಕಾರಿನಲ್ಲಿ ಟರ್ಮಿನಲ್‌ಗಳು ಚೊಕ್ಕಟವಾಗಿವೆ. ವೈರು ಕಳಚಿ, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಗಾಜಿನ ಎರಡು ಟರ್ಮಿನಲ್‌ಗೆ ಮುಟ್ಟಿಸಿದರೆ 8. ಹೀಟರ್ ಗಟ್ಟಿಯಾಗಿದೆ. ಮೀಟರ್ ಅಳತೆಯನ್ನೇ ತೋರದೆ ರೋಧ ಅನಂತವೆಂದಿದ್ದರೆ ಒಳಗೆ ಗೆರೆ ಕಡಿದಿದೆ ಎಂದರ್ಥ. ಅದನ್ನು ಬೆಸೆಯಲು ಹೋಗಿ ಫಲವಿಲ್ಲ. ಹಿಂಗಾಜಿನ ಗೆರೆ ಕಣ್ಣಿಗೆ ಕಾಣುತ್ತದೆ, ಬೆಳ್ಳಿ ಬಣ್ಣ ಬಳಿದು ಜೋಡಿಸಬಹುದು. ಕನ್ನಡಿಯ ಹಾಳೆಯಾದರೋ ಗಾಜಿಗೂ ಪ್ಲಾಸ್ಟಿಕ್ ತಟ್ಟೆಗೂ ನಡುವೆ ಅಂಟಿನಲ್ಲಿ ಹೂತಿರುತ್ತದೆ. ಆಗ ಹೀಟರ್ ಸಮೇತದ ಗಾಜನ್ನೇ ಬದಲಿಸುವುದು ಸರಿಯಾದ ದಾರಿ.

ಈಗ ವೈರಿನ ಕಡೆ. ಎಂಜಿನ್ ಓಡುತ್ತಿದೆ, ಗುಂಡಿಯನ್ನು ಹೊಸದಾಗಿ ಒತ್ತಿದ್ದಾಗಿದೆ. ಕಳಚಿದ ಎರಡು ವೈರುಗಳ ನಡುವೆ ಮೀಟರ್ ಹಿಡಿದರೆ 14 ವೋಲ್ಟ್!

ಹೀಟರ್ ಸರಿ, ವೋಲ್ಟೇಜ್ ಸರಿ, ಕನ್ನಡಿ ಮಾತ್ರ ತಣ್ಣಗೆ. ಅನೇಕರು ಕೈಚೆಲ್ಲುವುದು ಈ ಜಾಗದಲ್ಲಿ. ಹೊಸ ಗಾಜು ತರಿಸುವವರೂ ಇಲ್ಲೇ ತರಿಸುತ್ತಾರೆ, ಅದೂ ಬಿಸಿಯಾಗದೆ ಬೇಸರಪಡುತ್ತಾರೆ. ಮೀಟರ್ ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಟ್ಟಿದೆ.

ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅಂದರೆ ಅದು ವೈರಿನಿಂದ ಸೆಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲೆಲ್ಲೋ ಒಂದು ಜಾಗ ಕೆಟ್ಟು 24 ಓಮ್ ರೋಧ ಹುಟ್ಟಿಕೊಂಡಿದೆ ಎಂದುಕೊಳ್ಳಿ. ಮೀಟರ್ ಸೆಳೆಯುವ ಆ ಎಳ್ಳಷ್ಟು ಕರೆಂಟಿಗೆ ಅಲ್ಲಿ ನಷ್ಟವಾಗುವ ವೋಲ್ಟೇಜ್ ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಒಂದು ಪಾಲೂ ಆಗದು. ಪರದೆ 14 ಎಂದೇ ಹೇಳುತ್ತದೆ. ಪೈಪು ಮುಕ್ಕಾಲು ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿದ್ದಾಗ ನೀರಿನ ಒತ್ತಡ ಪೂರ್ತಿ ಇರುವಂತೆ ಇದು. ನಲ್ಲಿ ತಿರುಗಿಸಿದಾಗ ತಾನೇ ಗೊತ್ತಾಗುವುದು!

ಹೀಟರ್ ಜೋಡಿಸಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಈಗ ದಾರಿಯಲ್ಲಿ 8 ಮತ್ತು 24, ಒಟ್ಟು 32 ಓಮ್. ಕರೆಂಟು 1.75ರಿಂದ 0.44 ಆಂಪಿಯರಿಗೆ, ಅಂದರೆ ಕಾಲುಭಾಗಕ್ಕೆ ಇಳಿಯಿತು. ಜೂಲ್ ಹೇಳಿದ ವರ್ಗದ ನಿಯಮ ಕೆಲಸ ಮಾಡುವುದು ಇಲ್ಲಿ: ಕರೆಂಟು ಕಾಲುಭಾಗವಾದರೆ ಹೀಟರಿನ ಶಾಖ ಹದಿನಾರನೇ ಒಂದು ಭಾಗ. 24.5 ವ್ಯಾಟ್ ಇದ್ದದ್ದು ಒಂದೂವರೆ ವ್ಯಾಟಿಗೆ ಬಂತು. ಮಿನಿಯಾಪೊಲಿಸ್‌ನ ಚಳಿಗೆ ಅದು ಯಾವ ಮೂಲೆಗೆ? ಇನ್ನೊಂದು ಕಡೆ, ಆ ಕೆಟ್ಟ ಜಾಗದಲ್ಲೇ ಅದರ ಮೂರು ಪಟ್ಟು, ನಾಲ್ಕೂವರೆ ವ್ಯಾಟ್, ಕಡಲೆಕಾಳಿನಷ್ಟು ಜಾಗದಲ್ಲಿ ಉರಿಯುತ್ತಿದೆ. ಲೂಸ್ ಕಾಂಟ್ಯಾಕ್ಟ್ ಆದ ಪ್ಲಗ್ಗು ಕರಗಿ ಕಂದುಗಟ್ಟುವುದನ್ನು ಎಲ್ಲರ ಮನೆಯಲ್ಲೂ ನೋಡಿರುತ್ತೇವೆ. ಅದೂ ಇದೇ.

ಆದ್ದರಿಂದ ಪರೀಕ್ಷೆ ಮಾಡುವಾಗ ವೈರಿನ ಮೇಲೆ ಭಾರ ಹೇರಬೇಕು. ಹಳೆಯ ಮೆಕ್ಯಾನಿಕ್‌ಗಳ ಕೈಯಲ್ಲಿರುವ ಟೆಸ್ಟ್ ಲ್ಯಾಂಪ್ ಇಲ್ಲಿ ಸಾವಿರಾರು ರೂಪಾಯಿಯ ಮೀಟರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಾರಿನ ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಹಳೆಯ ಮಾದರಿಯ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಸೆಳೆಯುತ್ತದೆ, ಹೆಚ್ಚುಕಮ್ಮಿ ನಮ್ಮ ಹೀಟರಿನಷ್ಟೇ. ಎರಡು ವೈರುಗಳ ನಡುವೆ ಅದನ್ನಿಟ್ಟರೆ ಆರೋಗ್ಯವಾಗಿರುವ ವೈರು ಬಲ್ಬನ್ನು ಝಗ್ಗೆಂದು ಬೆಳಗಿಸುತ್ತದೆ. ಕೆಟ್ಟ ವೈರಿನಲ್ಲಿ ಕೆಂಪು ತಂತಿ ಮಿಣಮಿಣ ಎನ್ನುತ್ತದೆ, ಇಲ್ಲವೇ ಏನೂ ಆಗದು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು, ಅದಕ್ಕೆ ಬೇಕಾದ ಕರೆಂಟೇ ತೀರ ಕಡಿಮೆ. ನಮ್ಮ ಕಾರಿನಲ್ಲಿ ಬಲ್ಬು ಮಿಣುಕಿತು. ಒಬ್ಬರು ಬಲ್ಬು ಹಿಡಿದು ನಿಂತಿರುವಾಗ ಇನ್ನೊಬ್ಬರು ಬಾಗಿಲನ್ನು ನಿಧಾನಕ್ಕೆ ತೆರೆದು ಮುಚ್ಚಿದರೆ, ಒಂದು ಕೋನದಲ್ಲಿ ಬಲ್ಬು ಥಟ್ಟನೆ ಪೂರ್ತಿ ಬೆಳಗಿ ಮತ್ತೆ ಮಂಕಾಯಿತು.

ಕಳ್ಳ ಸಿಕ್ಕಿಬಿದ್ದದ್ದು ಹೀಗೆ. ಕಾರಿನ ಕಂಬಕ್ಕೂ ಬಾಗಿಲಿಗೂ ನಡುವೆ, ಕೀಲಿನ ಪಕ್ಕದಲ್ಲಿ ಅಕಾರ್ಡಿಯನ್ ವಾದ್ಯದ ಮಡಿಕೆಗಳಂಥ ಕಪ್ಪು ರಬ್ಬರ್ ಕೊಳವೆಯಿರುತ್ತದೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೇ. ಪ್ರತಿ ಸಲ ಬಾಗಿಲು ತೆರೆದಾಗ ಆ ವೈರುಗಳು ಒಮ್ಮೆ ನೆಟ್ಟಗಾಗುತ್ತವೆ, ಮುಚ್ಚಿದಾಗ ಮಡಚಿಕೊಳ್ಳುತ್ತವೆ. ಕಾರಿನಲ್ಲಿ ಒಬ್ಬನೇ ಹೋಗುವಾಗ ತೆರೆಯುವುದು ಚಾಲಕನ ಬಾಗಿಲೊಂದೇ. ದಿನಕ್ಕೆ ಹತ್ತು ಸಲ ಎಂದರೆ ಹತ್ತು ವರ್ಷಕ್ಕೆ 36,500 ಸಲ. ಎಡಗನ್ನಡಿ ಸತ್ತು ಬಲಗನ್ನಡಿ ಉಳಿದದ್ದು ಯಾಕೆಂದು ಈಗ ಕೇಳಬೇಕಿಲ್ಲ.

ಒಂದು ಸಲ ಬಗ್ಗಿಸಿದರೆ ತಾಮ್ರಕ್ಕೆ ಏನೂ ಆಗುವುದಿಲ್ಲ, ಸಾವಿರಾರು ಸಲ ಬಗ್ಗಿಸಿದರೆ ಅದೇ ಬಾಗು ಕೊಲ್ಲುತ್ತದೆ. ಈ ವಿಚಿತ್ರವನ್ನು ಜಗತ್ತು ಕಲಿತದ್ದು ದೊಡ್ಡ ಬೆಲೆ ತೆತ್ತು. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಡಬ್ಬಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದಪ್ಪದ ಕಬ್ಬಿಣ ಯಾಕೆ ಮುರಿಯಿತು ಎಂಬ ಪ್ರಶ್ನೆ ಎಂಜಿನಿಯರುಗಳನ್ನು ದಶಕಗಳ ಕಾಲ ಕಾಡಿತು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850, 60ರ ದಶಕಗಳಲ್ಲಿ ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ, ಲಕ್ಷಾಂತರ ಸುತ್ತು ತಿರುಗಿಸಿ, ಎಷ್ಟು ಹೊರೆಗೆ ಎಷ್ಟು ಸುತ್ತಿಗೆ ಮುರಿಯುತ್ತದೆ ಎಂದು ಪಟ್ಟಿ ಮಾಡಿದ. ಒಂದೇಟಿಗೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವೂ ಮತ್ತೆ ಮತ್ತೆ ಬಂದರೆ ಲೋಹದಲ್ಲಿ ಕಾಣದ ಬಿರುಕು ಬೆಳೆಸುತ್ತದೆ. ಲೋಹದ ಈ ದಣಿವಿಗೆ ರೈಲಿನ ಅಚ್ಚೂ ಒಂದೇ, ಕನ್ನಡಿಯ ವೈರೂ ಒಂದೇ. ಚಳಿಯಲ್ಲಿ ವೈರಿನ ಪ್ಲಾಸ್ಟಿಕ್ ಹೊದಿಕೆ ಬಿರುಸಾಗುವುದರಿಂದ ಬಾಗು ಒಂದೇ ಜಾಗದಲ್ಲಿ ಮೊನಚಾಗುತ್ತದೆ, ಆಯುಸ್ಸು ಇನ್ನಷ್ಟು ಕಡಿಮೆ.

ರಬ್ಬರ್ ಕೊಳವೆ ಸರಿಸಿ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ನೋಡಬೇಕು. ಹೊದಿಕೆ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಂದು ಜಾಗದಲ್ಲಿ ಬೆರಳಿಗೆ ಒಳಗೆ ಟೊಳ್ಳು ಸಿಗುತ್ತದೆ, ಎಳೆದರೆ ಅಲ್ಲಿ ಮಾತ್ರ ವೈರು ಹಿಗ್ಗುತ್ತದೆ. ಅಲ್ಲಿ ಸೀಳಿದರೆ ಕಡಿದ ಎಳೆಗಳು, ಹಸಿರು ಪುಡಿ. ಒಂದೇ ಒಂದು ಎಳೆ ಗಟ್ಟಿಯಾಗಿ ಉಳಿದಿದ್ದರೂ ಕನ್ನಡಿ ಬಿಸಿಯಾಗುತ್ತಿತ್ತು. ಅಷ್ಟು ಚಿಕ್ಕ ದೂರಕ್ಕೆ ತಾಮ್ರದ ಒಂದೆಳೆಯೂ ಸಾಕಷ್ಟು ಒಳ್ಳೆಯ ವಾಹಕ. ಇಲ್ಲಿ ಎಲ್ಲವೂ ಕಡಿದು, ಕಿಲುಬು ಮೆತ್ತಿದ ತುದಿಗಳು ಬರಿದೆ ಒಂದಕ್ಕೊಂದು ಒರಗಿಕೊಂಡಿದ್ದವು. 24 ಓಮ್ ಹುಟ್ಟಿದ್ದು ಆ ಒರಗಿನಲ್ಲಿ.

ದುರಸ್ತಿಗೆ ಮುಂಚೆ ಒಂದು ಎಚ್ಚರ. ಅದೇ ಕೊಳವೆಯಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ವೈರುಗಳೂ ಇರಬಹುದು. ಸಾಮಾನ್ಯವಾಗಿ ಅವುಗಳ ಕಪ್ಲರ್ ಹಳದಿ. ಬ್ಯಾಟರಿಯ ನೆಗೆಟಿವ್ ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಬೇಕು. ಟೆಸ್ಟ್ ಲ್ಯಾಂಪನ್ನು ಆ ವೈರುಗಳ ಹತ್ತಿರಕ್ಕೂ ತರಬಾರದು. ಈ ಬಗ್ಗೆ ಧೈರ್ಯವಿಲ್ಲದವರು ಇಲ್ಲಿಂದ ಮುಂದಿನದನ್ನು ಗ್ಯಾರೇಜಿಗೆ ಬಿಡುವುದೇ ಸರಿ. ಆದರೂ ದೋಷ ಎಲ್ಲಿದೆಯೆಂದು ಗುರುತು ಹಾಕಿ ಕೊಟ್ಟರೆ ಮೆಕ್ಯಾನಿಕ್‌ಗೆ ಅರ್ಧ ದಿನ ಉಳಿಯುತ್ತದೆ.

ಕಡಿದ ತುದಿಗಳನ್ನು ಹೊಸೆದು ಇನ್ಸುಲೇಶನ್ ಟೇಪ್ ಸುತ್ತುವುದು ನಾಲ್ಕು ತಿಂಗಳ ಮಾತು. ಅಲ್ಲೇ ಬೆಸುಗೆ ಹಾಕುವುದೂ ತಪ್ಪೇ, ಯಾಕೆಂದರೆ ಬೆಸುಗೆಯ ಸೀಸ ಎಳೆಗಳ ಸಂದಿಗೆ ಹರಿದು ವೈರನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ. ಬಾಗುವಾಗ ಒತ್ತಡವೆಲ್ಲ ಆ ಕಡ್ಡಿಯ ಅಂಚಿನಲ್ಲಿ ಸೇರಿ ಮತ್ತೆ ಅಲ್ಲೇ ಕಡಿಯುತ್ತದೆ. ಬಾಗುವ ಭಾಗದ ಹಳೆಯ ವೈರನ್ನು ಪೂರ್ತಿ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ, ನೂಲಿನಂಥ ನೂರಾರು ಎಳೆಗಳ ಸಿಲಿಕೋನ್ ಹೊದಿಕೆಯ ವೈರು ಹಾಕಬೇಕು. ಸಿಲಿಕೋನ್ ಮೈನಸ್ ಮೂವತ್ತರಲ್ಲೂ ಮೆತ್ತಗಿರುತ್ತದೆ. ಜೋಡಣೆಯ ಒಂದು ತುದಿ ಬಾಗಿಲಿನೊಳಗೆ, ಇನ್ನೊಂದು ಕಂಬದೊಳಗೆ, ಎರಡೂ ಅಲುಗಾಡದ ಜಾಗದಲ್ಲಿ. ಜೋಡಿಸಿದಲ್ಲಿ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ ನೀರು ಹೋಗದಂತೆ ಮಾಡಬೇಕು. ಪಕ್ಕದ ವೈರುಗಳೂ ಇಷ್ಟೇ ಸಲ ಬಾಗಿರುತ್ತವೆ. ಅದೇ ಬಾಗಿಲಿನ ಕಿಟಕಿ ಆಗಾಗ ನಿಲ್ಲುತ್ತಿದ್ದರೆ, ಸ್ಪೀಕರ್ ಕರಕರ ಎನ್ನುತ್ತಿದ್ದರೆ ಅವನ್ನೂ ಇದೇ ಕೈಯಲ್ಲಿ ಬದಲಿಸಿಬಿಡುವುದು ಜಾಣತನ.

ಗಾಜು ಮತ್ತೆ ಕೂರಿಸುವ ಮೊದಲು ಬಲ್ಬನ್ನು ಇನ್ನೊಮ್ಮೆ ಹಚ್ಚಿ, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ ನೋಡಬೇಕು. ಬೆಳಕು ಒಂದು ಸಲವೂ ತುಯ್ದಾಡಬಾರದು. ಹೀಟರಿನ ಟರ್ಮಿನಲ್ ಸಿಕ್ಕಿಸಿ, ಅದು ಬಿಸಿಯಾಗುತ್ತಿರುವಾಗಲೇ ಅದರ ಎರಡು ತುದಿಗಳ ನಡುವೆ ಮೀಟರ್ ಹಿಡಿದರೆ ಈಗ 13.6 ವೋಲ್ಟ್. ಉಳಿದ ನಾಲ್ಕು ಹತ್ತನೇ ಭಾಗ ದಾರಿಖರ್ಚು, ಅಷ್ಟು ಇರುವುದೇ. ಅಂಗೈಯನ್ನು ಗಾಜಿನ ನಡುವೆ ಒತ್ತಿ, ಕೊಂಡಿಗಳು ನಾಲ್ಕೂ ಟಕ್ಕೆನ್ನುವವರೆಗೆ ಮೆಲ್ಲಗೆ ಕೂರಿಸಿದ್ದಾಯಿತು. ಮರುದಿನ ಬೆಳಗ್ಗೆ ಎರಡು ಕನ್ನಡಿಗಳ ಹಿಮವೂ ನಡುವಿನಿಂದ ತೇವಗೊಂಡು, ಅಂಚಿಗೆ ಹಿಂಜರಿದು, ಕೆಳತುದಿಯಿಂದ ಒಂದೊಂದೇ ಹನಿಯಾಗಿ ಬೀಳತೊಡಗಿದಾಗ ಗಡಿಯಾರದಲ್ಲಿ ಆರು ನಿಮಿಷ ಕಳೆದಿತ್ತು.